ನೂರ ಎಂಬತ್ತೈದು ಡಿಗ್ರಿ

ನಾಲ್ಕನೇ ಸ್ಕ್ರೂ ಕೈಜಾರಿ ಮಂಚದ ಕೆಳಗೆ ಉರುಳಿತು. ಅನಂತಕೃಷ್ಣ ಮಗಳ ಕೋಣೆಯ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಕೈಚಾಚಿ ಹುಡುಕಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಪರದೇಶದ ಟಾಲಾ ಊರಿನ ತನ್ನದೇ ಮನೆಯಲ್ಲಿ, ಹಾಡಹಗಲಲ್ಲಿ, ಅವನ ಕಿವಿಯೆಲ್ಲ ಮುಂಬಾಗಿಲ ಸದ್ದಿನ ಕಡೆಗೇ ಇತ್ತು. ಮಗಳು ಚಿನ್ಮಯಿ ಅಮ್ಮನನ್ನು ಶನಿವಾರದ ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಿದ್ದಳು. ಇಬ್ಬರೂ ವಾಪಸಾಗಲು ಇನ್ನೂ ನಲವತ್ತು ನಿಮಿಷ ಇತ್ತು.

ಅವನು ಬಿಚ್ಚುತ್ತಿದ್ದ ಯಂತ್ರ ಸಿಕ್ಕಿದ್ದು ಹಿಂದಿನ ವಾರ, ಚಿನ್ಮಯಿಯ ಬೀರುವಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ. ನೋಡಲು ಎಲೆಕ್ಟ್ರಿಕ್ ಕೆಟಲ್ಲಿನ ಹಾಗಿತ್ತು. ಮೇಜಿನ ಮೇಲಿಟ್ಟು ಪ್ಲಗ್ ಚುಚ್ಚುವುದು, ಬಟ್ಟಲಿಗೆ ಒಣ ಸೊಪ್ಪು ತುಂಬುವುದು, ಪರದೆಯ ಮೇಲೆ ನೂರ ಎಂಬತ್ತೈದು ಡಿಗ್ರಿ ಬಂದಾಗ ಕೊಳವೆಯಿಂದ ಆವಿ ಎಳೆದುಕೊಳ್ಳುವುದು. ಬೆಂಕಿಯಿಲ್ಲ, ಹೊಗೆಯಿಲ್ಲ. ಬಟ್ಟಲಿನ ತಳದ ಪುಡಿಯನ್ನು ಮೂಸಿದ ಕೂಡಲೇ ಅವನಿಗೆ ತಮ್ಮ ದಿಲೀಪನ ಕೋಣೆ ನೆನಪಾಯಿತು. ಗಾಂಜಾ.

ದಿಲೀಪನನ್ನು ಅವನು ಮೈಸೂರಿನ ಮನೆಯಲ್ಲಿ ನೆಂಟರೆದುರಿಗೇ ಹೊಡೆದಿದ್ದ. ಬಾಯಿಗೆ ಬಂದಂತೆ ಬೈದಿದ್ದ. ಮರುದಿನ ಮನೆ ಬಿಟ್ಟ ಹುಡುಗ ಮತ್ತೆ ಬರಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ, ಹೆಣ ಗುರುತಿಸಲು ಬನ್ನಿ ಎಂದು ಪೊಲೀಸರು ಬಂದರು. ಅಂದಿನಿಂದ ಅನಂತಕೃಷ್ಣನ ಮುಂದೆ ಯಾರೂ ಆ ಸೊಪ್ಪಿನ ಹೆಸರೆತ್ತುವಂತಿರಲಿಲ್ಲ. ಟೀವಿಯಲ್ಲಿ ಆ ಸುದ್ದಿ ಬಂದರೆ ಹೆಂಡತಿ ವಿನೋದಿನಿ ತಾನೇ ರಿಮೋಟಿಗೆ ತಡಕಾಡುತ್ತಿದ್ದಳು.

ಈಗ ಹದಿನೇಳರ ಮಗಳು. ಅದೂ ಶಾಲೆ ಮುಗಿಸುವ ಲೀವಿಂಗ್ ಸರ್ಟ್ ಪರೀಕ್ಷೆಯ ವರ್ಷ. ವಿನೋದಿನಿಯ ನರದ ಕಾಯಿಲೆ ಹತೋಟಿಗೆ ಬಂದಿದೆ, ಕೋಲಿಲ್ಲದೆ ಲೂವಾಸ್ ಟ್ರಾಮ್ ನಿಲ್ದಾಣದ ತನಕ ನಡೆಯುತ್ತಿದ್ದಾಳೆ, ಇನ್ನು ಉಸಿರಾಡಬಹುದು ಅಂದುಕೊಳ್ಳುವಷ್ಟರಲ್ಲಿ ಇದು. ಆದರೆ ಈ ಸಲ ಅವನು ಬೈಯುವವನಲ್ಲ. ಒಮ್ಮೆ ಬೈದು ಕಳೆದುಕೊಂಡದ್ದು ಜನ್ಮಕ್ಕೆ ಸಾಕಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ದಾರಿ ಅವನ ಕಸುಬಿನಲ್ಲೇ ಇತ್ತು. ಕ್ಲಾಂಡಾಲ್ಕಿನ್‌ನ ಔಷಧಿ ಕಾರ್ಖಾನೆಯೊಂದರಲ್ಲಿ, ಬಿಸಿ ಅಳೆಯುವ ಉಪಕರಣಗಳು ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ನಿಜ ಹೇಳಿಸಬಲ್ಲವನಿಗೆ ಸುಳ್ಳು ಹೇಳಿಸುವುದು ಎಷ್ಟರ ಮಾತು? ಯಂತ್ರದೊಳಗೆ ಬಿಸಿ ಅಳೆಯುವ ತಂತಿಗೆ ಅಕ್ಕಿಕಾಳಿನಷ್ಟು ಸಣ್ಣ ಬಿಡಿಭಾಗವೊಂದನ್ನು ಬೆಸೆದ. ಇನ್ನು ಪರದೆ ನೂರ ಎಂಬತ್ತೈದು ಅನ್ನುತ್ತದೆ. ಒಳಗೆ ನೂರ ಇಪ್ಪತ್ತು ದಾಟುವುದಿಲ್ಲ. ವಾಸನೆ ಬರುತ್ತದೆ, ಸತ್ವ ಏಳುವುದಿಲ್ಲ. ಮಜಾ ಸಿಗದ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ ಎಂಬುದು ಅವನ ಲೆಕ್ಕ. ಸ್ಕ್ರೂ ಬಿಗಿದು ಯಂತ್ರವನ್ನು ಇದ್ದ ಜಾಗದಲ್ಲೇ ಇಟ್ಟ.

ಲೆಕ್ಕ ತಪ್ಪಲಿಲ್ಲ. ಎರಡನೇ ವಾರ ಮಗಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು.

"ಇಟ್ಸ್ ಜಸ್ಟ್ ನಾಟ್ ವರ್ಕಿಂಗ್ ಎನಿಮೋರ್. ಪ್ಲೀಸ್, ಇಸ್ ದೇರ್ ಎನಿಥಿಂಗ್ ಸ್ಟ್ರಾಂಗರ್?"

ಅಪ್ಪನನ್ನು ಕಂಡು ಸರಕ್ಕನೆ ಫೋನ್ ಕೆಳಗಿಟ್ಟಳು.

"ಯಾರು ಪುಟ್ಟಿ?"

"ನೋಬಡಿ, ಅಪ್ಪಾ. ಐಮ್ ಗ್ರ್ಯಾಂಡ್."

ಗ್ರ್ಯಾಂಡ್, ಚೆನ್ನಾಗಿದ್ದೀನಿ ಅಂದವಳ ಕಣ್ಣು ಕೆಂಪಗಿತ್ತು. ಆ ಕಡೆ ಇದ್ದವನು ಸೊಪ್ಪು ಮಾರುವವನೇ ಇರಬೇಕು. ಅನಂತಕೃಷ್ಣನಿಗೆ ಸಿಟ್ಟು ಬಂತು. ಒಳಗೊಳಗೇ ಖುಷಿಯೂ ಆಯಿತು.

ಚಿನ್ಮಯಿ ಊಟ ಬಿಟ್ಟಳು. ಸಣ್ಣಪುಟ್ಟದ್ದಕ್ಕೂ ಅತ್ತಳು. ಚಟ ಬಿಡುವಾಗ ಹೀಗಾಗುತ್ತದೆ ಎಂದು ಅವನು ಓದಿಕೊಂಡಿದ್ದ. ವಿನೋದಿನಿಯೂ ಸೊರಗಿದಳು. ಮತ್ತೆ ಕೋಲು ಹಿಡಿದಳು, ಮಹಡಿ ಹತ್ತಲಾಗುವುದಿಲ್ಲವೆಂದು ಕೆಳಗೆ ಸೋಫಾದ ಮೇಲೇ ಮಲಗತೊಡಗಿದಳು. ನವೆಂಬರಿನ ಚಳಿ, ಅದರ ಮೇಲೆ ಮಗಳ ಚಿಂತೆ. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ಪಾಪ ಅನ್ನಿಸಿ ಒಂದು ಭಾನುವಾರ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ನನಗೆ ಎಲ್ಲಾ ಗೊತ್ತು," ಅಂದ, ತಟ್ಟೆ ನೋಡುತ್ತಾ. "ನಾನು ಬೈಯಲ್ಲ. ಮೊದಮೊದಲು ಕಷ್ಟ ಆಗುತ್ತೆ. ಆಮೇಲೆ ಅದಿಲ್ದೇನೂ ಇರೋಕಾಗುತ್ತೆ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ವಿನೋದಿನಿಯ ಕಣ್ಣು ತುಂಬಿತು.

"ನಿಜವಾಗ್ಲೂ ಬೈಯಲ್ವಾ ರೀ?"

"ದಿಲೀಪನಿಗೆ ಬೈದಿದ್ದೇ ಸಾಕು ಕಣೆ."

ಅವಳು ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಇದು ಅನ್ನಿಸಿತು ಅವನಿಗೆ. ಅವತ್ತು ಅನ್ನಕ್ಕೆ ಎರಡು ಸಲ ಸಾರು ಹಾಕಿಸಿಕೊಂಡ.

ಗುರುವಾರ ಸಂಜೆ ಕೆಲಸದಿಂದ ಬಂದಾಗ ವಿನೋದಿನಿ ಸೋಫಾದಲ್ಲಿ ಒರಗಿದ್ದಳು. ಚಿನ್ಮಯಿ ಅವಳ ಸೆಟೆದ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದಳು.

"ಆಸ್ಪತ್ರೆಗೆ ಹೋಗಿದ್ವಿ ರೀ," ಅಂದಳು ವಿನೋದಿನಿ. "ಬೆನ್ನುಹುರಿಗೆ ಔಷಧಿ ಬಿಡೋ ಪಂಪ್ ಕೂರಿಸ್ತಾರಂತೆ. ದೊಡ್ಡ ಆಪರೇಷನ್ನು. ಒಪ್ಪಿ ಸಹಿ ಹಾಕಿ ಬಂದೆ. ಆಫೀಸಿಗೂ ರಾಜೀನಾಮೆ ಕಳಿಸ್ದೆ."

ಅನಂತಕೃಷ್ಣ ಚೀಲ ಕೆಳಗಿಟ್ಟ. "ಯಾಕೆ? ಮೊನ್ನೆ ಮೊನ್ನೆವರೆಗೂ ಹುಷಾರಾಗಿದ್ಯಲ್ಲೇ ನೀನು!"

"ಹುಷಾರಾಗಿದ್ದಿದ್ದು ಆ ಸೊಪ್ಪಿನಿಂದ ತಾನೇ? ನಿಮಗೆ ಗೊತ್ತಾದ ಮೇಲೆ ಇನ್ನು ಮುಚ್ಚಿಡೋದೇನು. ಡಾಕ್ಟ್ರೇ ಸರ್ಕಾರದಿಂದ ಲೈಸೆನ್ಸ್ ತೆಗೆಸಿ ಬರೆದುಕೊಟ್ಟಿದ್ರು. ನಿಮ್ಮ ಕಣ್ಣಿಗೆ ಬಿದ್ರೆ ದಿಲೀಪ ನೆನಪಾಗ್ತಾನೆ ಅಂತ ಇವಳೇ ತನ್ನ ಬೀರುವಲ್ಲಿ ಇಟ್ಕೊಂಡ್ಲು. ನೀವು ಕೆಲಸಕ್ಕೆ ಹೋದ್ಮೇಲೆ ದಿನಾ ನನಗೆ ರೆಡಿ ಮಾಡಿ ಕೊಡ್ತಿದ್ಲು. ಐದು ವಾರದಿಂದ ಅದೂ ನಾಟ್ತಿಲ್ಲ. ನರ್ಸಿಗೆ ಫೋನ್ ಮಾಡಿ ಮಾಡಿ ಮಗು ಸೋತ್ಹೋಯ್ತು. ಕಾಯಿಲೆ ಕೈಮೀರಿದೆ ಅಂತಾರೆ."

ಅವನು ಮಹಡಿಯ ಮೆಟ್ಟಿಲ ಕಡೆ ನೋಡಿದ.

"ಮಷೀನ್ ಏನಾದ್ರೂ ಕೆಟ್ಟಿದ್ಯಾ ಅಂತ ಡಾಕ್ಟ್ರು ಮೂರು ಸಲ ಕೇಳಿದ್ರು ರೀ, ಇಲ್ಲ, ದಿನಾ ಕರೆಕ್ಟಾಗಿ ನೂರ ಎಂಬತ್ತೈದು ತೋರಿಸುತ್ತೆ, ಕೆಟ್ಟಿರೋದು ನನ್ನ ಮೈನೇ ಅಂತ ಹೇಳಿ ಬಂದೆ."