ಕೈ ಮುರಿದ ಕೃಷ್ಣ

ಈಗಲೂ ಲೋಕಲ್ ರೈಲು ವಾಶಿಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆಗೆ ಬಂದು ಕೆಸರಿನ ಉಪ್ಪು ವಾಸನೆ ಒಳಗೆ ನುಗ್ಗಿದರೆ, ನನ್ನ ಕಣ್ಣು ಅಜ್ಜಿಯ ಮಡಿಲನ್ನು ಹುಡುಕುತ್ತದೆ.

ಆ ದಿನ ಆ ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ಮಣ್ಣಿನ ಕೃಷ್ಣನಿದ್ದ. ಹಿಂದಿನ ಸಂಜೆ ನನ್ನ ಚೆಂಡು ತಾಗಿ ಅವನ ಕೊಳಲಿನ ಕೈ ಮುರಿದಿತ್ತು. "ಭಿನ್ನ ಆದ ದೇವರನ್ನು ಮನೆಯಲ್ಲಿ ಇಡ್ಲಿಕ್ಕಿಲ್ಲ ಮಗಾ, ನೀರಿಗೆ ಬಿಡ್ಬೇಕು," ಎಂದಿದ್ದಳು ಅಜ್ಜಿ. ನಮ್ಮಲ್ಲಿ ನೀರಿಗೆ ಬಿಡುವುದೆಂದರೆ ರೈಲಿನ ಬಾಗಿಲಿನಿಂದ ಖಾಡಿಗೆ ಎಸೆಯುವುದು. ಅಪ್ಪನಿಗೆ ಅಂದು ಹೋಟೆಲಿನ ಕೆಲಸಕ್ಕೆ ರಜೆ. ಮುಂಬಯಿಯ ಮ್ಯೂಸಿಯಂ ತೋರಿಸಲು ನಮ್ಮನ್ನು ಕರೆದೊಯ್ಯುತ್ತಿದ್ದ. ಮನೆಯ ಹತ್ತಿರದ ಸೀವುಡ್ಸ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಆದರೆ ಸೇತುವೆ ಬಂದಾಗ ಬಾಗಿಲ ತನಕ ಹೋಗಲಾಗದಷ್ಟು ಜನ. ಹಾಗಾಗಿ ಕೃಷ್ಣನೂ ನಮ್ಮ ಜೊತೆ ಮ್ಯೂಸಿಯಂಗೆ ಬಂದ.

ಅಲ್ಲಿ ಕಪ್ಪು ಕಲ್ಲಿನ ದೇವಿಯೊಬ್ಬಳು ದೀಪದ ಕೆಳಗೆ ನಿಂತಿದ್ದಳು. ಸೊಂಟದ ಡಾಬಿನ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆದರೆ ಮೂಗಿರಲಿಲ್ಲ, ಎರಡು ಕೈಗಳೂ ಇರಲಿಲ್ಲ.

"ಅಜ್ಜಿ, ಇವಳೂ ಟೂಟೀ ಹುಯೀ ಹೈ, ಮುರಿದು ಹೋಗಿದ್ದಾಳೆ. ಇವಳನ್ನು ಯಾಕೆ ಯಾರೂ ಖಾಡಿಗೆ ಬಿಡ್ಲಿಲ್ಲ?"

ಅಪ್ಪ ನಕ್ಕ. ಅಜ್ಜಿ ನಗಲಿಲ್ಲ. ದೇವಿಗೆ ಒಂದು ಸುತ್ತು ಬಂದಳು, ಬೆನ್ನ ಮೇಲಿನ ಜಡೆಯನ್ನೂ ನೋಡಿದಳು. "ತುಟಿ ನೋಡು, ಇನ್ನೂ ನಗ್ತಾ ಉಂಟು," ಎಂದಳು, ತನಗೇ ಎಂಬಂತೆ.

ಮಧ್ಯಾಹ್ನ ಮರಳುವಾಗ ರೈಲು ಖಾಲಿಯಿತ್ತು. ಖಾಡಿಯ ವಾಸನೆ ಬಂದದ್ದೇ ನಾನು ಎದ್ದು ನಿಂತೆ. "ಅಜ್ಜಿ, ಬ್ರಿಡ್ಜ್ ಬಂತು!"

ಅಜ್ಜಿ ಪೇಪರಿನ ಗಂಟನ್ನು ಸೆರಗಿನೊಳಗೆ ಎಳೆದುಕೊಂಡಳು. "ಗಾಳಿ ಜೋರುಂಟು, ಬಾಗಿಲ ಹತ್ರ ಹೋಗ್ಬೇಡ. ಕೂತ್ಕೋ."