ತಟ್ಟೆಯ ಸದ್ದು

ಬೆರಳಿಗೆ ಶಾಯಿ ಹಚ್ಚುವ ಪದ್ಧತಿ ಹೋಗಿ ಬಹಳ ವರ್ಷಗಳಾಗಿದ್ದವು. ಈಗ ಮತ ಹಾಕಿದವರ ದನಿ ಎಂಟು ದಿನ ನಿಂತುಹೋಗುತ್ತಿತ್ತು. ಎರಡನೇ ಸಲ ಬಂದು ಹೆಸರು ಹೇಳಲು ಯಾರಿಗೂ ಆಗುತ್ತಿರಲಿಲ್ಲ.

"ಯವ್ವಾ, ನೀ ಓಣಿ ಓಣಿ ಕೂಗಿ ಪಲ್ಲೆ ಮಾರಾಕಿ. ದನಿ ಇಲ್ದ ಹೆಂಗ ಮಾಡ್ತಿ?" ಮತಗಟ್ಟೆಯಲ್ಲಿ ಕುಳಿತಿದ್ದ ಶಾಲೆಯ ಮಾಸ್ತರರು ಫಕೀರವ್ವನನ್ನು ಕೇಳಿದರು.

"ಹೋದ ಸಲ ದನಿ ಉಳಿಸ್ಕೊಂಡು ಮನ್ಯಾಗ ಕುಂತೆ, ಮಾಸ್ತರ್ರ. ಆಮ್ಯಾಲ ನಳದ ನೀರಿಗೆ ಐದ ವರ್ಷ ಒದರಿದೆ. ಯಾರ ಕೇಳಿದ್ರು? ಈ ಸಲ ಬಿಡಂಗಿಲ್ಲ."

ಗುಂಡಿ ಒತ್ತಿದಳು. ಗಂಟಲು ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಸೊಪ್ಪು-ಪಲ್ಲೆಯ ಬುಟ್ಟಿ ಹೊತ್ತು, ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿಯುತ್ತ ಹೊರಟಳು. ಮೊದಲ ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಇನ್ನೂ ಜೋರಾಗಿ ಬಡಿದಳು.

ತಿರುವಿನಲ್ಲಿ ಮೊಸರು ಮಾರುವ ಯಮುನವ್ವ ಎದುರಾದಳು. ಅವಳ ಕೈಯಲ್ಲೂ ತಟ್ಟೆ. ಹೋದ ಚುನಾವಣೆಯ ಮರುದಿನ ಊರಿಗೆಲ್ಲ ಅವಳೊಬ್ಬಳೇ ತಟ್ಟೆ ಬಡಿದಿದ್ದಳು. ಫಕೀರವ್ವ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದಳು. ಈಗ ತಲೆ ತಗ್ಗಿಸಿದಳು. ಯಮುನವ್ವ ಅವಳ ಭುಜ ತಟ್ಟಿ ಮುಂದೆ ಕೈ ತೋರಿದಳು.

ಮುಂದಿನ ಓಣಿಯಿಂದಲೂ ತಟ್ಟೆಯ ಸದ್ದು ಬರುತ್ತಿತ್ತು.