ಚಾಪೆಯ ಸವೆತ

"ಮೂವತ್ತು ವರ್ಷ, ದಿನಾ ಬೆಳಿಗ್ಗೆ ಇಲ್ಲೇ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರು," ಎಂದು ದಯಾಮಣಿ ಮಂಚದ ಪಕ್ಕದ ಚಾಪೆ ತೋರಿಸಿದರು. ಅದು ಎರಡು ಕಡೆ ಸವೆದಿತ್ತು.

ಆಕೆಯ ದಿವಂಗತ ಗಂಡ ಕ್ರೈಸ್ತ ಭಕ್ತಿಗೀತೆಗಳ ಕವಿ. ಅವರ ಜೀವನಚರಿತ್ರೆ ಬರೆಯಲೆಂದು ಅಡ್ಯಾರಿನ ಈ ಮನೆಗೆ ಬಂದಿದ್ದ ಮಧ್ವರಾಜನಿಗೆ ಯಾಕೋ ನಂಬಿಕೆ ಬರಲಿಲ್ಲ. ಆರಡಿ ಎತ್ತರವಿದ್ದ ಆ ಕವಿಯ ಮೊಣಕಾಲುಗಳಿಗೆ ಆ ಗುರುತುಗಳು ಒಂದಕ್ಕೊಂದು ತೀರಾ ಹತ್ತಿರವಿದ್ದವು. ಟೇಪ್ ರೆಕಾರ್ಡರ್ ನಿಲ್ಲಿಸಿ, "ನೀವೇ ಕಣ್ಣಾರೆ ನೋಡಿದ್ದೀರಾ ಅಮ್ಮಾ?" ಎಂದು ಕೇಳಿದ.

"ನಮ್ಮ ಚರ್ಚಿನ ಸಭೆಯವರಲ್ಲ ನೀವು, ಅದಕ್ಕೇ ಸಂಶಯ. ನೋಡಿ, ಹೀಗೆ ಕೂರ್ತಿದ್ರು."

ಆಕೆ ಸಿಟ್ಟಿನಲ್ಲಿ ಕೆಳಗೆ ನೋಡದೆಯೇ ಚಾಪೆಯ ಮೇಲೆ ಮೊಣಕಾಲೂರಿದರು. ಎರಡೂ ಮೊಣಕಾಲು ಆ ಎರಡು ಸವೆತಗಳಲ್ಲಿ ಸರಿಯಾಗಿ ಕೂತವು. ಮಧ್ವರಾಜ ಅವನ್ನೇ ನೋಡಿದ. ಆಕೆಯೂ ನೋಡಿಕೊಂಡರು.

ಎದ್ದೇಳದೆ, "ಅವರ ಪಾಲಿನದ್ದೂ ನಾನೇ ಮಾಡ್ತಿದ್ದೆ," ಎಂದರು.